ಅಕ್ಕಪಕ್ಕದ ಕ್ರೈಸ್ತ ಸಭೆಗಳು ಕೂಡಿ ಕೆಲಸ ಮಾಡುವ ಬಗೆ

ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಮೆಥೋಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಸಭೆಗಳು ಹಳೆಯವು. ಈ ಮೂರೂ ಜಿಲ್ಲೆಗಳು ಸೇರಿದ ಗುಲ್ಬರ್ಗ ಕಥೋಲಿಕ ಧರ್ಮಪ್ರಾಂತ (ಬಿಷಪ್ಪರ ಆಡಳಿತ ವಲಯ) 2005ರಲ್ಲಿ ರೂಪುಗೊಂಡಿತು. ಇವುಗಳ ನಡುವೆ ಪೆಂತೆಕೊಸ್ತ ಸಭೆಗಳೂ ಇವೆ. ಅಣ್ಣ ಒಂದು ಸಭೆಗೆ, ತಂಗಿಯ ಗಂಡ ಇನ್ನೊಂದಕ್ಕೆ ಹೋಗುವ ಮನೆಗಳಿರುವುದರಿಂದ, ಸಹಕಾರವನ್ನು ಜಂಟಿ ಆರಾಧನೆಯಿಂದಲ್ಲ, ಅಂತ್ಯಕ್ರಿಯೆಯ ಕೆಲಸದಿಂದ ಆರಂಭಿಸುವುದು ಮೇಲು.

ಸಮಾಧಿಸ್ಥಳ ಹಂಚಿಕೊಂಡಿರುವ ಸಭೆಗಳು ಮೊದಲು ಪ್ರತಿ ಸಭೆಯಿಂದ ಇಬ್ಬರನ್ನು ಆರಿಸಿ, ಗೇಟಿನ ಕೀಲಿ ಯಾರ ಬಳಿ ಇರಬೇಕು, ಗುಂಡಿ ತೋಡುವವರನ್ನು ಯಾರು ಕರೆಯಬೇಕು, ಅವರ ಕೂಲಿಯನ್ನು ಯಾವ ಹಣದಿಂದ ಕೊಡಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲ ಸಭೆಗಳ ಸೂಚನಾ ಫಲಕದಲ್ಲಿ ಅಂಟಿಸಬೇಕು. ಹೂತವರ ಹೆಸರು, ದಿನಾಂಕ, ಸಾಲು ದಾಖಲಿಸುವ ಪುಸ್ತಕವೂ ಒಂದೇ ಇರಲಿ. ಮನೆಯವರು ಬೇರೆ ಬೇರೆ ಸಭೆಗಳಿಗೆ ಸೇರಿದವರಾಗಿದ್ದರೆ, ಮೃತರ ಸಭೆಯ ಪಾಲಕರು (ಪಾಸ್ಟರ್ ಅಥವಾ ಗುರುಗಳು) ವಿಧಿ ನಡೆಸಿ, ಉಳಿದವರು ವಾಕ್ಯ ಓದುವುದೋ ಪ್ರಾರ್ಥಿಸುವುದೋ ಸಾಕು. ಸಮಾಧಿಯ ಬಳಿ ಭಾಷಣಕ್ಕೆ ಸರದಿ ಹಚ್ಚುವುದು ಬೇಡ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ದುಃಖದಲ್ಲಿರುವವರಿಗೆ ಅದು ಶಿಕ್ಷೆಯೇ ಸರಿ.

ಕೂಡಿ ಪ್ರಾರ್ಥಿಸಲು ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಪ್ರಾರ್ಥನಾ ಸಪ್ತಾಹ ಅನುಕೂಲ. 1908ರಲ್ಲಿ ಆರಂಭವಾದ ಈ ಸಪ್ತಾಹದ ಪ್ರಾರ್ಥನಾ ಕ್ರಮವನ್ನು ವ್ಯಾಟಿಕನ್ ಮತ್ತು ವಿಶ್ವ ಸಭೆಗಳ ಮಂಡಳಿ ಒಟ್ಟಾಗಿ ಸಿದ್ಧಪಡಿಸುವುದರಿಂದ, ಯಾರ ಕ್ರಮ ಬಳಸಬೇಕೆಂಬ ಜಗಳಕ್ಕೆ ಎಡೆಯಿಲ್ಲ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟಂಟರದರಲ್ಲಿ 66. ಓದುವ ವಾಕ್ಯಭಾಗಗಳನ್ನು ಎರಡರಲ್ಲೂ ಇರುವ ಪುಸ್ತಕಗಳಿಂದಲೇ ಆರಿಸಿ, ಹಾಡುಗಳನ್ನೂ ಪ್ರಾರ್ಥನೆಗಳನ್ನೂ ಅಚ್ಚು ಹಾಕಿಸಿ ಹಂಚಿರಿ.

ರೊಟ್ಟಿ ಮತ್ತು ದ್ರಾಕ್ಷಾರಸದ ವಿಧಿಯಾದ ಪ್ರಭುಭೋಜನವನ್ನು ಜಂಟಿ ಕಾರ್ಯಕ್ರಮದಲ್ಲಿ ಇಡಬೇಡಿ. ಮೆಥೋಡಿಸ್ಟರು ಇತರ ಸಭೆಯವರನ್ನೂ ಮೇಜಿಗೆ ಕರೆಯುತ್ತಾರೆ. ಕಥೋಲಿಕ ನಿಯಮವಾದರೋ ಇತರ ಸಭೆಗಳ ಸೇವಕರೊಂದಿಗೆ ಬಲಿಪೂಜೆ (ಕಥೋಲಿಕರ ಪ್ರಭುಭೋಜನ ವಿಧಿ) ಅರ್ಪಿಸುವುದನ್ನು ಒಪ್ಪುವುದಿಲ್ಲ. ಇದನ್ನು ಪೂರ್ವಸಿದ್ಧತೆಯ ಮಾತುಕತೆಯಲ್ಲಿಯೇ ಬಾಯಿಬಿಟ್ಟು ಹೇಳಿಬಿಟ್ಟರೆ, ಅಂದು ಯಾರೂ ಅವಮಾನಗೊಂಡು ಹಿಂತಿರುಗುವ ಪ್ರಸಂಗ ಬರುವುದಿಲ್ಲ.

ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ಎಲ್ಲರೂ ಬೆಳಿಗ್ಗೆ ಒಂದು ವೃತ್ತದವರೆಗೆ ಜೊತೆಯಾಗಿ ನಡೆದು, ಅಲ್ಲಿಂದ ತಮ್ಮ ತಮ್ಮ ದೇವಾಲಯಕ್ಕೆ ತೆರಳಬಹುದು. ಪೊಲೀಸ್ ಠಾಣೆಗೆ ಪ್ರತ್ಯೇಕ ಅರ್ಜಿಗಳ ಬದಲು, ಎಲ್ಲ ಸಭೆಗಳ ಸಹಿಯಿರುವ ಒಂದೇ ಅರ್ಜಿಯಲ್ಲಿ ಮಾರ್ಗವನ್ನೂ ವೇಳೆಯನ್ನೂ ನಮೂದಿಸಿ ಮುಂಚಿತವಾಗಿ ಕೊಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ, ಈಸ್ಟರ್ ಮುಂಜಾನೆಯ ಬಯಲು ಪ್ರಾರ್ಥನೆಯನ್ನು 6ಕ್ಕಿಂತ ಮೊದಲು ಮಾಡುವುದಾದರೆ ಮೈಕಿಲ್ಲದೆ ಹಾಡಬೇಕು.

ನಿಜವಾದ ತೊಡಕು ಹುಟ್ಟುವುದು ಸದಸ್ಯರ ವಿಷಯದಲ್ಲಿ. ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದ ಯುವಕನಿಗೆ ಪಕ್ಕದ ಸಭೆ ನೀರಿನಲ್ಲಿ ಮುಳುಗಿಸಿ ಮತ್ತೊಮ್ಮೆ ಕೊಟ್ಟರೆ, ಎಷ್ಟೋ ವರ್ಷದ ಸ್ನೇಹವೂ ಮುರಿಯುತ್ತದೆ. ಶಿಶುವಿಗೆ ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂಬ ಬೋಧನೆಯ ಈ ಭೇದವನ್ನು ಊರಿನ ಸಮಿತಿ ಬಗೆಹರಿಸಲಾರದು. ಆದರೆ ಬೇರೆ ಸಭೆಯಿಂದ ಬಂದವರನ್ನು ಸೇರಿಸಿಕೊಳ್ಳುವ ಮೊದಲು ಅವರ ಹಿಂದಿನ ಪಾಲಕರನ್ನು ಖುದ್ದಾಗಿ ಕಂಡು ಮಾತನಾಡಬೇಕೆಂಬ ಒಪ್ಪಂದವನ್ನು ಪಾಲಕರೆಲ್ಲರೂ ಮಾಡಿಕೊಳ್ಳಬಹುದು. ಅದನ್ನೂ ಸಮಾಧಿಸ್ಥಳದ ನಿಯಮಗಳಿರುವ ಹಾಳೆಯಲ್ಲಿಯೇ ಬರೆದು, ಎಲ್ಲರ ಸಹಿ ಹಾಕಿಸಿ.