ಮಲ್ಪೆಯ ಲೆಕ್ಕವನ್ನು ಕ್ಲೌಡಿಗೆ ಸಾಗಿಸಿದ ಬಗೆ

ಮಲ್ಪೆ ಬಂದರಿನ ಕೆಲವು ಮೀನು ವ್ಯಾಪಾರಿಗಳ ಬಿಲ್ಲಿಂಗ್ ತಂತ್ರಾಂಶವನ್ನು ನಾನು ಉಡುಪಿಯಲ್ಲಿದ್ದುಕೊಂಡು ನೋಡಿಕೊಳ್ಳುತ್ತೇನೆ. ಬಿಲ್ಲುಗಳನ್ನೆಲ್ಲ ಕೂಡಿಡುವ ಅದರ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಹಳ ಕಾಲ ನನ್ನ ಕಚೇರಿಯ ಸರ್ವರಿನಲ್ಲೇ ಇತ್ತು. ಮೇ ತಿಂಗಳ ಸಿಡಿಲಿಗೆ ಕರೆಂಟು ಹೋದಾಗಲೆಲ್ಲ ಯುಪಿಎಸ್ ಎಷ್ಟು ಹೊತ್ತು ತಾಳೀತೆಂದು ಕಾಯುವುದೂ ರಾತ್ರಿ ಬ್ಯಾಕಪ್ಪನ್ನು ಹೊರಗಿನ ಡಿಸ್ಕಿಗೆ ಇಳಿಸುವುದೂ ನನ್ನ ಪಾಲಿಗೇ ಬಂದಿದ್ದವು. ಒಮ್ಮೆ ಡಿಸ್ಕ್ ಕೆಟ್ಟು, ಎರಡು ದಿನಗಳ ಬಿಲ್ಲುಗಳನ್ನು ಕಾಗದ ನೋಡಿ ಮತ್ತೆ ತುಂಬಿಸಬೇಕಾಗಿ ಬಂದ ಮೇಲೆ, ಡೇಟಾಬೇಸನ್ನು ತಮ್ಮ ಯಂತ್ರಗಳಲ್ಲಿ ಬಾಡಿಗೆಗೆ ನಡೆಸಿಕೊಡುವ ಅಮೆಜಾನ್ ಆರ್‌ಡಿಎಸ್ ಸೇವೆಯ ಮುಂಬೈ ಕೇಂದ್ರಕ್ಕೆ ಹೋಗಲು ನಿರ್ಧರಿಸಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಬಿಲ್ಲುಗಳು ತೀರ ಕಡಿಮೆಯಿರುವುದರಿಂದ, ಆ ಬಿಡುವಿನಲ್ಲೇ ದತ್ತಾಂಶವನ್ನು ಸಾಗಿಸಿದೆ. ಯಂತ್ರ, ಆಪರೇಟಿಂಗ್ ಸಿಸ್ಟಮ್, ನಿತ್ಯದ ಬ್ಯಾಕಪ್ ಇವು ಅಮೆಜಾನಿನವರ ಹೊಣೆಗೆ ಹೋದವು. ಅದರ ಜೊತೆಗೆ ಸರ್ವರಿನೊಳಗೆ ಲಾಗಿನ್ ಆಗುವ ಅಧಿಕಾರವೂ ಹೋಯಿತು. ಡೇಟಾಬೇಸಿನಿಂದ ಮಾಹಿತಿ ಕೇಳುವ ನಮ್ಮ ಕ್ವೆರಿಗಳು ಮಾತ್ರ ನಮ್ಮವೇ. ತಿಂಗಳ ಕೊನೆಯ ವರದಿ ಇಲ್ಲಿ ತೆವಳುತ್ತಿದ್ದಂತೆ ಅಲ್ಲಿಯೂ ತೆವಳಿತು, ದಿನಾಂಕದ ಕಾಲಮ್ಮಿಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದ ಬಳಿಕವೇ ಚುರುಕಾಯಿತು.

ಹೆಚ್ಚು ಹಣ ಕೊಟ್ಟರೆ ಮತ್ತೊಂದು ವಲಯದಲ್ಲಿ ತದ್ರೂಪಿ ಡೇಟಾಬೇಸ್ ಸದಾ ಸಿದ್ಧವಿರುತ್ತದೆ. ಮೊದಲನೆಯದು ಬಿದ್ದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎರಡನೆಯದು ಕೆಲಸ ವಹಿಸಿಕೊಳ್ಳುತ್ತದೆ. ಇದನ್ನೇ ಬ್ಯಾಕಪ್ ಎಂದು ನಾನು ತಪ್ಪಾಗಿ ತಿಳಿದಿದ್ದೆ. ಆಗಸ್ಟಿನಲ್ಲಿ ನಾನೇ ಯಾವ ಸಾಲುಗಳನ್ನು ಬದಲಿಸಬೇಕೆಂದು ಹೇಳುವ ‘ವೇರ್’ ಷರತ್ತಿಲ್ಲದೆ ‘ಅಪ್‌ಡೇಟ್’ ಆದೇಶ ಓಡಿಸಿ ಬಂಗುಡೆಯ ದರವನ್ನು ಎಲ್ಲ ಮೀನುಗಳಿಗೂ ಅಂಟಿಸಿದಾಗ, ಆ ತಪ್ಪು ತದ್ರೂಪಿಯಲ್ಲೂ ಆ ಕ್ಷಣವೇ ದಾಖಲಾಯಿತು. ಕಾಪಾಡಿದ್ದು ಸ್ವಯಂಚಾಲಿತ ಬ್ಯಾಕಪ್. ಅದನ್ನು 35 ದಿನಗಳವರೆಗೆ ಇಟ್ಟುಕೊಳ್ಳಬಹುದು, ಆ ಅವಧಿಯೊಳಗಿನ ಬೇಕಾದ ಕ್ಷಣಕ್ಕೆ ಮರಳಬಹುದು. ತೀರ ಇತ್ತೀಚಿನ ಸುಮಾರು ಐದು ನಿಮಿಷಗಳಷ್ಟೇ ಹೊರತು. ಆದರೆ ಮರಳಿ ಬರುವುದು ಹಳೆಯ ಡೇಟಾಬೇಸಿನ ಜಾಗಕ್ಕಲ್ಲ, ಹೊಸ ವಿಳಾಸದ ಹೊಸ ಡೇಟಾಬೇಸ್ ಆಗಿ. ಯಾರು ಸಂಪರ್ಕಿಸಬಹುದೆಂದು ನಿರ್ಧರಿಸುವ ಸೆಕ್ಯುರಿಟಿ ಗ್ರೂಪನ್ನು ಅದಕ್ಕೆ ಆರಿಸುವುದು ಮರೆತು, ಸಂಪರ್ಕವೇ ಸಿಗದೆ ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ದರಗಳ ಟೇಬಲ್ಲೊಂದನ್ನು ಮಾತ್ರ ಅಲ್ಲಿಂದ ತೆಗೆದು ಹಳೆಯದಕ್ಕೆ ಹಾಕಿದೆ.

ಮರುವರ್ಷದ ನಿಷೇಧದಲ್ಲಿ ಖರ್ಚು ಉಳಿಸಲೆಂದು ಡೇಟಾಬೇಸನ್ನು ನಿಲ್ಲಿಸಿ ಊರಿಗೆ ಹೋದೆ. ಏಳು ದಿನ ಕಳೆದರೆ ಅದು ತಾನಾಗಿಯೇ ಮತ್ತೆ ಚಾಲೂ ಆಗುತ್ತದೆ ಎಂಬುದೂ, ನಿಂತಿರುವಾಗಲೂ ಸಂಗ್ರಹಣೆಯ ಬಾಡಿಗೆ ಓಡುತ್ತಲೇ ಇರುತ್ತದೆ ಎಂಬುದೂ ತಿಳಿದದ್ದು ತಿಂಗಳ ಬಿಲ್ಲು ಬಂದಾಗ.