ಸೈನೈಡ್ ದಿಬ್ಬಕ್ಕೆ ಬಣ್ಣ ಕೂಡಿಬಂದಿದ್ದು

"ಮಣ್ಣಿನ ಗುಡ್ಡೆಗೆ ಫ್ರೇಮ್ ಹಾಕಿಸ್ತೀಯಲ್ಲಪ್ಪ, ಯಾರು ಮನೇಲಿ ನೇತು ಹಾಕ್ಕೋತಾರೆ?" ಅಂತ ನನಗೆ ಬ್ರಷ್ ಹಿಡಿಸಿದ ಮೇಷ್ಟ್ರು ಕೇಳಿ ಆರು ವರ್ಷ ಆಗಿರಬೇಕು. ಕಳೆದ ಚಿತ್ರಸಂತೆಯಲ್ಲಿ ಅದೇ ಮಣ್ಣಿನ ಗುಡ್ಡೆ ಊಟದ ಹೊತ್ತಿಗೂ ಮುಂಚೆ 18 ಸಾವಿರಕ್ಕೆ ಹೋಯಿತು. ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

ನಾನು ಚಿತ್ರ ಬರೆಯೋದು ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯದ್ದು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಶಾಫ್ಟ್‌ಗಳ (ಗಣಿಗೆ ಇಳಿಯೋ ಬಾವಿಗಳು) ಮೇಲೆ ತುಕ್ಕು ಹಿಡಿದ ಉಕ್ಕಿನ ಅಟ್ಟಣೆ, ಅದರ ತುದಿಯ ಹಗ್ಗದ ಚಕ್ರ ಉಳಿದವು. ಜತೆಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ತೆಗೆದುಕೊಂಡು, ಆಚೆ ಸುರಿದ ದಿಬ್ಬಗಳು. ಸಿನಿಮಾ ಬಂದ ಮೇಲೆ ಎಲ್ಲರೂ ನನ್ನ ಹತ್ತಿರ ಕಪ್ಪು ಚಿತ್ರ ಕೇಳ್ತಾರೆ. ಕಲ್ಲಿದ್ದಲ ಗಣಿಯಲ್ಲ ಸ್ವಾಮಿ ಅದು. ಬಿಳಿಗಲ್ಲಿನ ಪುಡಿ, ಮಧ್ಯಾಹ್ನ ಕಣ್ಣು ಬಿಡಕ್ಕಾಗಲ್ಲ.

ಕಷ್ಟ ಆ ಬಿಳುಪಿನದ್ದೇ. ಮೊದಲ ವರ್ಷ ಟೈಟೇನಿಯಂ ವೈಟ್‌ಗೆ ಯೆಲ್ಲೋ ಓಕರ್ ಅನ್ನೋ ಹಳದಿ ಮಣ್ಣಿನ ಬಣ್ಣ ಬೆರೆಸಿ ಹಚ್ಚಿದೆ. ಹುದುಗು ಬಂದ ದೋಸೆ ಹಿಟ್ಟಾಯಿತು. ಕಪ್ಪು ಸೇರಿಸಿದೆ, ಸಿಮೆಂಟ್ ಮೂಟೆ. ನೈಫ್‌ನಲ್ಲಿ ದಪ್ಪಗೆ ಮೆತ್ತಿದೆ, ನಾಲ್ಕು ತಿಂಗಳಿಗೆ ಬಿರುಕು. ಹದಿನಾಲ್ಕೋ ಹದಿನೈದೋ ಕ್ಯಾನ್ವಾಸ್ ಹೆರೆದು ಮತ್ತೆ ಪ್ರೈಮರ್ ಹೊಡೆದೆ. ಎರಡು ವರ್ಷದಲ್ಲಿ ಬಣ್ಣ, ಬಟ್ಟೆ, ಬಸ್ ಚಾರ್ಜು ಸೇರಿ ಮೂವತ್ತು ಸಾವಿರ ಹೋಗಿರಬಹುದು. ಮನೆಯಲ್ಲಿ ಹೇಳಿದ ಲೆಕ್ಕ ಹನ್ನೆರಡು ಸಾವಿರ. ಬಂದ ದುಡ್ಡು ಸೊನ್ನೆ.

ಒಂದು ನವೆಂಬರ್ ಸಂಜೆ ಕೆಜಿಎಫ್‌ನ ಮಾರಿಕುಪ್ಪಂ ಕಡೆ ರಸ್ತೆ ಬದಿ ಕೂತಿದ್ದೆ. ದಿಬ್ಬದ ಮೈಯೆಲ್ಲ ಮಳೆನೀರು ಕೊರೆದ ಕೊರಕಲು. ಕೊರಕಲಿನ ಮೇಲ್ಭಾಗದ ನೆರಳು ಆಕಾಶ ನೋಡಿ ನೀಲಿಗೆ ತಿರುಗಿತ್ತು. ಬುಡದ ನೆರಳು ಕೆಳಗಿನ ಕೆಂಪು ಮಣ್ಣಿನ ಬೆಳಕು ಕುಡಿದು ಗುಲಾಬಿಗಂದು. ಬಿಸಿಲು ಬಿದ್ದ ಮೈಯಲ್ಲಿ ಬಣ್ಣ ಅನ್ನೋದೇ ಇರಲಿಲ್ಲ. ಎರಡು ವರ್ಷ ನಾನು ಹುಡುಕಿದ್ದು ಇಲ್ಲದ ಕಡೆ!

ಈಗ ಮಾಡೋದು ಇಷ್ಟು. ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸ್‌ಗೆ ಬಳಿದು ಒಣಗಿಸ್ತೀನಿ. ನೆರಳಿಗೆ ಅಲ್ಟ್ರಾಮರೀನ್ ನೀಲಿ, ಸಿಯೆನ್ನಾ, ಸ್ವಲ್ಪ ಬಿಳಿ. ಮೇಲೆ ನೀಲಿ ಜಾಸ್ತಿ, ಕೆಳಗೆ ಸಿಯೆನ್ನಾ ಜಾಸ್ತಿ. ಕೊರಕಲಿನ ಆಳದಲ್ಲಿ ಮೊದಲಿನ ಬಳಿತವನ್ನೇ ಹಾಗೇ ಬಿಟ್ಟುಬಿಡ್ತೀನಿ. ಬಿಸಿಲಿನ ಬಿಳುಪು ಕೊನೆಗೆ, ಒಂದೇ ಕೈ. ಎರಡನೇ ಸಲ ಮುಟ್ಟಿದರೆ ಮತ್ತೆ ದೋಸೆ ಹಿಟ್ಟು. ಆ ಬಿಳಿಗೆ ಸೇರಿಸೋ ಚಿಟಿಕೆ ಇನ್ನೊಂದಿದೆ. ಅದನ್ನು ಕಂಡುಕೊಳ್ಳೋಕೆ ನನಗೆ ಏಳು ಟ್ಯೂಬ್ ಖರ್ಚಾಗಿದೆ, ನಿಮಗೂ ಆಗಲಿ.

ಗಾಳಿ ಎದ್ದರೆ ಮುಗಿಯಿತು, ಹಸಿ ಎಣ್ಣೆಬಣ್ಣಕ್ಕೆ ದಿಬ್ಬವೇ ಬಂದು ಅಂಟಿಕೊಳ್ಳುತ್ತೆ. ಒಂದು ಚಿತ್ರ ಉಪ್ಪುಕಾಗದ ಆಗಿಹೋಯಿತು. ಈಗ ಬೆಳಿಗ್ಗೆ ಆರಕ್ಕೆ ಹೋಗಿ ಒಂದು ಗಂಟೆ ಹೊತ್ತು ಸ್ಥಳದಲ್ಲಿ ಅಕ್ರಿಲಿಕ್‌ನಲ್ಲಿ ತಳಪಾಯ ಹಾಕಿಕೊಂಡು, ಎಣ್ಣೆ ಕೆಲಸ ಮನೆಯಲ್ಲಿ.

ನಡುವೆ ಒಂದು ಹುಚ್ಚು ಹಿಡಿದಿತ್ತು. ಓಕರ್, ಸಿಯೆನ್ನಾ ಎರಡಕ್ಕೂ ಬಣ್ಣ ಕೊಡೋದು ಕಬ್ಬಿಣವೇ, ಅಂದಮೇಲೆ ತುಕ್ಕನ್ನು ತುಕ್ಕಿನಿಂದಲೇ ಬರೆದರೇನು? ಗುಜರಿ ಅಂಗಡಿಯಿಂದ ಡಬ್ಬಿ ತುಂಬ ತುಕ್ಕು ಕೆರೆದು ತಂದು, ಬಟ್ಟೆಯಲ್ಲಿ ಸೋಸಿ, ಅಗಸೆ ಎಣ್ಣೆಯಲ್ಲಿ ಅರೆದೆ. ಮೂರು ದಿನ ಅರೆದರೂ ಹಲ್ಲಿಗೆ ಸಿಕ್ಕಿದ ಮರಳಿನಂತೆ ತರಿ ತರಿ. ದೂರದ ಅಟ್ಟಣೆಗೆ ಆಗಲಿಲ್ಲ, ಹತ್ತಿರದ ಒಂದು ಅದಿರು ಸಾಗಿಸೋ ಟಬ್ ಗಾಡಿಗೆ ಮಾತ್ರ ಅದ್ಭುತವಾಗಿ ಕೂತಿತು. ದಿಬ್ಬದ ಮಣ್ಣನ್ನು ಮಾತ್ರ ಹೀಗೆ ಅರೆಯೋಕೆ ಹೋಗಬೇಡಿ, ಸೈನೈಡ್ ಹಾಯ್ದ ಮಣ್ಣು ಅದು.

ಜರ್ಮನಿಯ ಚಿತ್ರಕಾರ ಮೆಂಝೆಲ್ 1872ರಿಂದ 75ರವರೆಗೆ ಕಬ್ಬಿಣದ ರೋಲಿಂಗ್ ಮಿಲ್ ಚಿತ್ರ ಬರೆಯುವಾಗ ನೂರಕ್ಕೂ ಹೆಚ್ಚು ಸ್ಕೆಚ್ ಮಾಡಿಕೊಂಡಿದ್ದನಂತೆ. ನಾನು ಅಟ್ಟಣೆಗೆ ಅರವತ್ತು ಮಾಡಿ ಬೀಗುತ್ತಿದ್ದೆ. ಕಳೆದದ್ದಕ್ಕೂ ಹಿಂದಿನ ಸಂತೆಯಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದು ದುಡಿದ ಹಿರಿಯರೊಬ್ಬರು ಬಂದು ಐದು ನಿಮಿಷ ನಿಂತು ನೋಡಿದರು.

"ಸಾರ್, ಈ ರೋಪು ಚಕ್ರ ದಾಟಿ ಎಲ್ಲಿಗೆ ಹೋಗುತ್ತೆ?"

ನಾನು ಹಗ್ಗವನ್ನು ಶಾಫ್ಟ್ ಒಳಕ್ಕೆ ನೆಟ್ಟಗೆ ಇಳಿಸಿ ಅಲ್ಲಿಗೇ ಬಿಟ್ಟಿದ್ದೆ. ಇನ್ನೊಂದು ತುದಿ ಓರೆಯಾಗಿ, ಹಗ್ಗ ಸುತ್ತಿ ಕೇಜ್ (ಗಣಿಯ ಲಿಫ್ಟ್) ಎಳೆಯೋ ವೈಂಡಿಂಗ್ ಎಂಜಿನ್ ಮನೆಗೆ ಹೋಗಬೇಕು. ಆ ಎಳೆತ ತಡೆಯೋಕೇ ಅಟ್ಟಣೆಯ ಹಿಂದಿನ ಎರಡು ಕಾಲು ಎಂಜಿನ್ ಮನೆ ಕಡೆಗೆ ಚಾಚಿಕೊಂಡಿರೋದು. ನಾನು ಆ ಕಾಲುಗಳನ್ನು ಕೊಡೆ ಕಡ್ಡಿ ಹಾಗೆ ಸಣ್ಣಗೆ ಬರೆದಿದ್ದೆ. "ಇದರಲ್ಲಿ ಕೇಜ್ ಇಳಿಸಿದ್ರೆ ನಾವ್ಯಾರೂ ಮನೆಗೆ ಬರ್ತಿರಲಿಲ್ಲ" ಅಂತ ನಕ್ಕು ಹೋದರು. ಮೂರು ಕಿಲೋಮೀಟರಿಗೂ ಆಳ ಇಳಿದವರ ಮಾತು, ಎದುರು ಹೇಳೋಕಾಗುತ್ತಾ?

ಕಾಲು ದಪ್ಪ ಮಾಡಿ, ಹಗ್ಗ ಓರೆಗೆ ಎಳೆದೆ. ಅಟ್ಟಣೆಗೆ ತೂಕ ಬಂತು, ಹಿಂದಿನ ದಿಬ್ಬ ತಾನಾಗಿ ದೂರ ಸರಿಯಿತು. 18 ಸಾವಿರಕ್ಕೆ ಹೋಗಿದ್ದು ಇದೇ ಚಿತ್ರ. ಕೊಂಡದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರೋ ಹುಡುಗಿ, ತಾತ ಗಣಿಯಲ್ಲಿದ್ದರಂತೆ. ಚೌಕಾಸಿ ಮಾಡಲಿಲ್ಲ, ಹಗ್ಗ ಮಾತ್ರ ಎರಡು ಸಲ ನೋಡಿದಳು.

ಈಗ ಐದಡಿ ಅಗಲದ್ದು ಬೇಕು ಅಂತ ಇನ್ನೊಬ್ಬರು ಮುಂಗಡ ಕೊಟ್ಟಿದ್ದಾರೆ. ಬೆಳಗಿನ ಮಾರಿಕುಪ್ಪಂ ರೈಲಿನ ನೂಕಾಟದಲ್ಲಿ ಐದಡಿ ಫ್ರೇಮ್ ಬಾಗಿಲಲ್ಲೇ ಹಿಡಿಯಲ್ಲ, ಟೆಂಪೋದವನು ಮೂರೂವರೆ ಸಾವಿರ ಅಂತಾನೆ. ಎರಡೂವರೆ ಅಡಿಯ ಎರಡು ತುಂಡು ಮಾಡಿ, ಜೋಡಿಸುವ ಗೆರೆ ಸರಿಯಾಗಿ ಒಂದು ಕೊರಕಲಿನ ನೆರಳಲ್ಲಿ ಬೀಳೋ ಹಾಗೆ ಬರೀತಿದ್ದೀನಿ.