ಸ್ಟಾರ್ಟ್ ಆಗದ ಗಾಡಿ, ಒಂದು ಡಬ್ಬ ಪಾಕ

ನಮ್ಮದು 2016ರ ಡೀಸೆಲ್ ಕ್ರಾಸ್‌ಓವರ್. ಹೊರಗಿನಿಂದ ಜೀಪಿನ ಗತ್ತು, ಒಳಗೆ ಕೂತರೆ ಮಾಮೂಲಿ ಕಾರು. ಕಂಪನಿ ಹೆಸರು ಬೇಡ ಬಿಡಿ, ಈ ಕತೆಯಲ್ಲಿ ಗಾಡಿಯದ್ದು ತಪ್ಪೇ ಇಲ್ಲ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ವಾರವೆಲ್ಲ ನಾನು ರೈಲಿಗೆ ಹೋಗುವುದರಿಂದ ಗಾಡಿ ಸೋಮವಾರದಿಂದ ಶುಕ್ರವಾರದವರೆಗೆ ಮನೆ ಮುಂದೆ ಸುಮ್ನೆ ನಿಂತಿರುತ್ತದೆ. ಶನಿವಾರ ಬಂತೆಂದರೆ ಊರು, ದೇವಸ್ಥಾನ, ನೆಂಟರ ಮನೆ.

ಕಳೆದ ವರ್ಷ ಒಂದು ಶನಿವಾರ ಕೀ ತಿರುಗಿಸಿದರೆ ಬರೀ ಟಕ್ ಟಕ್. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಮಾಡಿಕೊಂಡು ಹೊರಟೆವು. ಮುಂದಿನ ಶನಿವಾರವೂ ಅದೇ. ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು, ಆಯಸ್ಸು ಮುಗಿದಿರಬೇಕು ಅಂತ ಹೊಸದು ಹಾಕಿಸಿದೆ. ಆಗ ಮೂರು ವಾರ ನೆಮ್ಮದಿ. ಈಗ ಯೋಚಿಸಿದರೆ, ಆ ಮೂರು ವಾರ ಮಕ್ಕಳ ರಜೆ ಇತ್ತು, ಗಾಡಿ ದಿನಾ ಓಡುತ್ತಿತ್ತು. ರಜೆ ಮುಗಿಯಿತು, ಟಕ್ ಟಕ್ ವಾಪಸ್ ಬಂತು.

ಆಮೇಲೆ ಶುರುವಾಯಿತು ಗ್ಯಾರೇಜುಗಳ ಯಾತ್ರೆ. ಒಬ್ಬರು ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ, ಹೋಗಿದೆ ಎಂದರು. ಇನ್ನೊಬ್ಬರು ಬಾನೆಟ್ ಎತ್ತುವ ಮುಂಚೆಯೇ 'ಇಲಿ ಸಾರ್' ಎಂದರು. ನಮ್ಮ ಕಡೆ ಈ ಉತ್ತರ ನೂರಕ್ಕೆ ಐವತ್ತು ಸಲ ಸರಿಯೇ. ಮನೆ ಹಿಂದೆ ಗದ್ದೆ, ಅದರಾಚೆ ಕಬ್ಬು. ಕಬ್ಬು ಕಡಿದರೆ ಇಲಿಗಳಿಗೆ ಬೆಚ್ಚಗಿನ ಇಂಜಿನ್ನೇ ಛತ್ರ. ಆದರೆ ನಾನು ಟಾರ್ಚು ಹಿಡಿದು ಒಂದು ಗಂಟೆ ಹುಡುಕಿದರೂ ಕಚ್ಚಿದ ವೈರು ಸಿಗಲಿಲ್ಲ. ಮೂರನೆಯವರು ಇನ್ನೊಂದು ಬ್ಯಾಟರಿ ಹಾಕೋಣ ಎಂದರು. ಅಲ್ಲಿಗೆ ನನಗೆ ಸಾಕಾಯಿತು. ಮೂವರಲ್ಲಿ ಒಬ್ಬರೂ ಮೀಟರ್ ಕೈಗೆ ತೆಗೆದುಕೊಂಡಿರಲಿಲ್ಲ.

ಮೈಸೂರಿನಲ್ಲಿ ಆರು ನೂರು ರೂಪಾಯಿಗೆ ಒಂದು ಮಲ್ಟಿಮೀಟರ್ ತಂದೆ. ನಾನು ಎಲೆಕ್ಟ್ರಿಷಿಯನ್ ಅಲ್ಲ. ಪಿಯುಸಿಯಲ್ಲಿ ಓದಿದ ಓಮ್‌ನ ನಿಯಮ ಅರ್ಧ ನೆನಪಿದೆ, ಅಷ್ಟೇ.

ಮೊದಲು ಆಲ್ಟರ್ನೇಟರ್. ಇಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗೆ ಮೀಟರ್ ಇಟ್ಟರೆ 13.8ರಿಂದ 14.4 ವೋಲ್ಟ್ ಒಳಗೆ ಬರಬೇಕು. ನನಗೆ 14.2 ಬಂತು. ಹೆಡ್‌ಲೈಟು, ಎಸಿ ಎಲ್ಲ ಹಾಕಿದರೂ 14ರ ಮೇಲೇ ಇತ್ತು. ಅಂದರೆ ಆಲ್ಟರ್ನೇಟರ್ ಗಟ್ಟಿಮುಟ್ಟಾಗಿದೆ. ಅದನ್ನು ಬದಲಾಯಿಸಿದ್ದರೆ ಹತ್ತಾರು ಸಾವಿರ ನೀರಿನಲ್ಲಿ ಹೋಮ.

ಆಮೇಲೆ ಬ್ಯಾಟರಿ. ಭಾನುವಾರ ರಾತ್ರಿ ಚಾರ್ಜರ್ ಹಾಕಿ ಪೂರ್ತಿ ತುಂಬಿಸಿದೆ. ಸೋಮವಾರ ಬೆಳಿಗ್ಗೆ 12.6 ವೋಲ್ಟ್ ಇತ್ತು, ಅದು ತುಂಬಿದ ಬ್ಯಾಟರಿಯ ಲೆಕ್ಕ. ಬುಧವಾರ 12.3. ಶುಕ್ರವಾರ 11.9. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.2 ಅಂದರೆ ಅರ್ಧ ಖಾಲಿ, 11.8ರ ಹತ್ತಿರ ಬಂದರೆ ಪೂರ್ತಿ ಖಾಲಿ. ಗಾಡಿ ನಿಂತಿರುವಾಗ ಯಾವುದೋ ಒಂದು ಕರೆಂಟು ಕುಡಿಯುತ್ತಿದೆ ಅನ್ನುವುದು ಖಾತ್ರಿಯಾಯಿತು.

ಎಷ್ಟು ಕುಡಿಯುತ್ತಿದೆ? ಇದನ್ನು ಅಳೆಯುವುದು ಸ್ವಲ್ಪ ಹುಷಾರಿನ ಕೆಲಸ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿದೆ. 10ನೇ ನಂಬರ್ ಸ್ಪ್ಯಾನರಿನಲ್ಲಿ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರ್ ಸೇರಿಸಿದೆ. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬಾರದು. ಸ್ಟಾರ್ಟರ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರಿನ ಕತೆ ಮುಗಿಯುತ್ತದೆ. ಕೀಯನ್ನು ಹೆಂಡತಿಯ ಕೈಗೆ ಕೊಟ್ಟು ಒಳಗೆ ಇಟ್ಟುಕೋ ಎಂದೆ.

ಫ್ಯೂಸ್ ಬಾಕ್ಸ್ ನೋಡಬೇಕಾದ್ದರಿಂದ ಡ್ರೈವರ್ ಬಾಗಿಲು ತೆರೆದೇ ಇರಬೇಕು. ಆದರೆ ಬಾಗಿಲು ತೆರೆದಿದ್ದರೆ ಗಾಡಿಯ ಕಂಪ್ಯೂಟರ್‌ಗಳು ಎಚ್ಚರವಾಗಿರುತ್ತವೆ. ಅದಕ್ಕೊಂದು ಉಪಾಯವಿದೆ. ಬಾಗಿಲಿನ ಅಂಚಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿಬಿಟ್ಟರೆ, ಬಾಗಿಲು ಹಾಕಿದೆ ಅಂತ ಗಾಡಿ ನಂಬುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಲಾಕ್ ಬಿಡಿಸಿಯೇ ಬಾಗಿಲು ಹಾಕಬೇಕು. ನಾನು ಮರೆತು ಧಡಾರ್ ಅಂತ ಹಾಕಿದೆ. ಲಾಕಿನ ಕೊಂಡಿಯ ಪೇಂಟು ಹೋಯಿತು. ಅದು ಇವತ್ತಿಗೂ ಹಾಗೇ ಇದೆ.

ಮೀಟರ್ ಸೇರಿಸಿದ ತಕ್ಷಣ 2 ಆಂಪಿಯರ್ ದಾಟಿತು. ಗಾಬರಿ ಬೇಡ, ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕಾಫಿ ಕುಡಿದು ಬಂದೆ. 0.42ಕ್ಕೆ ಬಂದು ನಿಂತಿತ್ತು. ಅಲ್ಲಿಂದ ಕೆಳಗಿಳಿಯಲಿಲ್ಲ. ಆರೋಗ್ಯವಾಗಿರುವ ಗಾಡಿಗೆ 0.05 ಒಳಗೇ ಇರಬೇಕು. ನನ್ನದು ಅದರ ಎಂಟು ಪಟ್ಟು. ಲೆಕ್ಕ ಹಾಕಿದೆ. ದಿನಕ್ಕೆ 24 ಗಂಟೆ, ಗಂಟೆಗೆ 0.42, ಅಂದರೆ ದಿನಕ್ಕೆ 10 ಆಂಪಿಯರ್ ಅವರ್. ನಮ್ಮ ಬ್ಯಾಟರಿ 60ರದ್ದು. ಸೋಮವಾರದಿಂದ ಶುಕ್ರವಾರ ಐದು ದಿನ, 50 ಖಾಲಿ. ಶನಿವಾರ ಬೆಳಿಗ್ಗೆ ಟಕ್ ಟಕ್. ಲೆಕ್ಕ ಇಷ್ಟು ಚೆನ್ನಾಗಿ ಕೂತದ್ದು ನೋಡಿ, ನಿಜ ಹೇಳಬೇಕೆಂದರೆ, ಖುಷಿಯೇ ಆಯಿತು.

ನನ್ನ ಅನುಮಾನವೆಲ್ಲ ಗಾಡಿ ಕೊಂಡ ಮೇಲೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋ ಮೇಲಿತ್ತು. ಇಂಥ ಸ್ಟೀರಿಯೋಗೆ ಹಳದಿ ವೈರು ಯಾವಾಗಲೂ ಕರೆಂಟು ಕೊಡುವುದು, ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ. ಹಾಕುವವರು ಸೋಮಾರಿತನಕ್ಕೆ ಎರಡನ್ನೂ ಒಟ್ಟಿಗೆ ತಿರುಚಿಬಿಟ್ಟರೆ ಅದು ನಿದ್ದೆಯನ್ನೇ ಮಾಡುವುದಿಲ್ಲ. ಹೀಗಾಗಿರುವ ಗಾಡಿಗಳು ಬೇಕಾದಷ್ಟಿವೆ.

ಫ್ಯೂಸ್ ಒಂದೊಂದೇ ಕೀಳುತ್ತಾ ಹೋಗುವುದು ಹಳೇ ಪದ್ಧತಿ. ಕಿತ್ತು ಹಾಕಿದರೆ ಕಂಪ್ಯೂಟರ್ ಮತ್ತೆ ಎಚ್ಚರವಾಗಿ ಲೆಕ್ಕ ಕೆಡುತ್ತದೆ. ಅದಕ್ಕಿಂತ ನಾಜೂಕಾದ ದಾರಿ ಇದೆ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ, ಗಮನಿಸಿದ್ದೀರಾ? ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಆ ಚುಕ್ಕೆಗಳಿಗೆ ಮುಟ್ಟಿಸಬೇಕು. ಫ್ಯೂಸಿನಲ್ಲಿ ಕರೆಂಟು ಹರಿಯದಿದ್ದರೆ ಸೊನ್ನೆ. ಹರಿಯುತ್ತಿದ್ದರೆ ಒಂದೆರಡು ಮಿಲಿವೋಲ್ಟಾದರೂ ತೋರಿಸುತ್ತದೆ. ಕೇಬಲನ್ನು ಮತ್ತೆ ಕಟ್ಟಿ, ಅರ್ಧ ಗಂಟೆ ಕಾದು, ಮೊದಲು ಸ್ಟೀರಿಯೋ ಫ್ಯೂಸಿಗೇ ಮುಟ್ಟಿಸಿದೆ. ಸೊನ್ನೆ. ಪಾಪ, ಸುಮ್ನೆ ಬೈದಿದ್ದೆ.

ರೂಮ್ ಲ್ಯಾಂಪ್ ಅಂತ ಬರೆದಿದ್ದ 10 ಆಂಪಿಯರ್ ಫ್ಯೂಸು 3 ಮಿಲಿವೋಲ್ಟ್ ತೋರಿಸಿತು. ಅಂಥ ಫ್ಯೂಸಿನ ರೆಸಿಸ್ಟೆನ್ಸು ಸುಮಾರು ಏಳೂವರೆ ಮಿಲಿ ಓಮ್. ಭಾಗಿಸಿದರೆ 0.4 ಆಂಪಿಯರ್. ಕಳ್ಳ ಸಿಕ್ಕ! ಆದರೆ ನೋಡಿದರೆ ಒಳಗಿನ ದೀಪಗಳೆಲ್ಲ ಆರಿವೆ. ಮೇಲಿನದು ಆರಿದೆ, ಕನ್ನಡಿಯ ಹತ್ತಿರದ್ದು ಆರಿದೆ.

ಆಗ ಏಳನೇ ಕ್ಲಾಸಿನ ಮಗಳು ಕೇಳಿದಳು, 'ಅಪ್ಪ, ಡಿಕ್ಕಿ ಲೈಟು?' ಡಿಕ್ಕಿ ಮುಚ್ಚಿದರೆ ಆರುತ್ತದಲ್ಲ ಎಂದೆ. 'ಆರುತ್ತೆ ಅಂತ ನಿಂಗೆ ಹೇಗೆ ಗೊತ್ತು?' ಎಂದಳು. ಫ್ರಿಜ್ಜಿನ ಲೈಟಿನ ಪ್ರಶ್ನೆಯೇ ಅಲ್ವಾ ಇದು. ಅವಳೇ ಅಮ್ಮನ ಫೋನಿನಲ್ಲಿ ವಿಡಿಯೋ ಹಾಕಿ ಡಿಕ್ಕಿಯೊಳಗೆ ಇಟ್ಟು, ಬಾಗಿಲು ಹಾಕಿ, ಐದು ನಿಮಿಷ ಬಿಟ್ಟು ತೆಗೆದಳು. ವಿಡಿಯೋದಲ್ಲಿ ಸ್ಟೆಪ್ನಿ ಜ್ಯಾಕು, ಛತ್ರಿ, ಅಜ್ಜಿಯ ಹಳೇ ಚಪ್ಪಲಿ ಎಲ್ಲ ಬೆಳಗುತ್ತಿವೆ. ಐದೂ ನಿಮಿಷ. 5 ವ್ಯಾಟ್ ಬಲ್ಬು, 12 ವೋಲ್ಟಿಗೆ 0.4 ಆಂಪಿಯರ್. ಮೇಲೆ ಪಾರ್ಸೆಲ್ ಟ್ರೇ ಮುಚ್ಚಿರುವುದರಿಂದ ರಾತ್ರಿಯಲ್ಲೂ ಹೊರಗೆ ಕಾಣುತ್ತಿರಲಿಲ್ಲ. ನಮ್ಮ ಗಾಡಿಯಲ್ಲಿ ಬಾಗಿಲು ತೆರೆದಿದ್ದರೆ ಬರುವ ಎಚ್ಚರಿಕೆ ದೀಪ ನಾಲ್ಕು ಬಾಗಿಲಿಗೆ ಮಾತ್ರ. ಡಿಕ್ಕಿಗೂ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಆ ದೀಪದ ಸ್ವಿಚ್ಚು ಡಿಕ್ಕಿ ಬಾಗಿಲಿನ ಲಾಕಿನೊಳಗೇ ಇದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದೆ. ಏನೂ ಆಗಲಿಲ್ಲ. ಮತ್ತೆ ಹೊಡೆದೆ. ಅರ್ಧ ಡಬ್ಬ ಖಾಲಿಯಾಯಿತು. ಸ್ವಿಚ್ಚಿನ ನಾಲಿಗೆ ಅಂಟಿಕೊಂಡೇ ಇತ್ತು. ಲಾಕು ಬಿಚ್ಚಿ ಕೈಗೆ ತೆಗೆದುಕೊಂಡು ನೋಡಿದರೆ ಕಂದು ಬಣ್ಣದ ಗಟ್ಟಿ ಅಂಟು. ಗ್ರೀಸು ಅಂದುಕೊಂಡೆ. ಮೂಸಿ ನೋಡಿದೆ. ಬೆಲ್ಲ!

ಎಲ್ಲ ನೆನಪಾಯಿತು. ಕೆರಗೋಡಿನ ಕಡೆ ಪರಿಚಯದವರ ಆಲೆಮನೆಯಿಂದ ಒಂದು ಡಬ್ಬ ಪಾಕ ತಂದಿದ್ದೆವು. ಮಲೆನಾಡಿನ ನೆಂಟರು ಅದನ್ನು ಜೋನಿ ಬೆಲ್ಲ ಎನ್ನುತ್ತಾರೆ, ಅವರಿಗೇ ಕೊಡಲೆಂದು. ದಾರಿಯಲ್ಲಿ ಹಂಪು ಹಾರಿಸಿದಾಗ ಮುಚ್ಚಳ ಸಡಿಲವಾಗಿ ಡಿಕ್ಕಿಯ ಹೊಸ್ತಿಲ ಮೇಲೆ ಚೆಲ್ಲಿತ್ತು. ಕಾರ್ಪೆಟ್ಟು ತೊಳೆದೆವು. ಲಾಕು ಕಚ್ಚುವ ಕೊಂಡಿ ತೊಳೆಯಲಿಲ್ಲ. ಪ್ರತಿ ಸಲ ಡಿಕ್ಕಿ ಹಾಕಿದಾಗಲೂ ಲಾಕು ಅಷ್ಟಷ್ಟು ಪಾಕ ನೆಕ್ಕಿಕೊಂಡಿದೆ. ಎಣ್ಣೆ ಜಿಡ್ಡು ಬಿಡಿಸುವ ಸ್ಪ್ರೇಗೆ ಸಕ್ಕರೆ ಎಲ್ಲಿ ಕರಗಬೇಕು? ಒಂದು ಪಾತ್ರೆ ಬಿಸಿನೀರಿನಲ್ಲಿ ಲಾಕನ್ನು ಹತ್ತು ನಿಮಿಷ ಅದ್ದಿಟ್ಟೆ. ನೀರು ಪಾನಕದ ಬಣ್ಣಕ್ಕೆ ತಿರುಗಿತು. ಬಿಸಿಲಲ್ಲಿ ಒಣಗಿಸಿ, ಸ್ವಲ್ಪ ಸಿಲಿಕಾನ್ ಗ್ರೀಸು ಹಚ್ಚಿ ಕೂರಿಸಿದೆ. ಮೀಟರ್ 0.02 ತೋರಿಸಿತು. ಖರ್ಚು ಸೊನ್ನೆ, ಮೀಟರು, ಸ್ಪ್ರೇ, ಬೇಡದೆ ಕೊಂಡ ಬ್ಯಾಟರಿ ಬಿಟ್ಟರೆ. ಆ ಬ್ಯಾಟರಿಯೂ ಪದೇ ಪದೇ ಪೂರ್ತಿ ಖಾಲಿಯಾಗಿ ಈಗಾಗಲೇ ಸೊರಗಿದೆ. ಲೆಡ್ ಆಸಿಡ್ ಬ್ಯಾಟರಿಗೆ ಅದು ಆಗಿಬರುವುದಿಲ್ಲ.

ಮೀಟರ್ ಕೈಗೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಮುಂದಿನ ಗುರಿ ಹೆಡ್‌ಲೈಟು.

ನಮ್ಮ ಕಡೆ ರಾತ್ರಿ ಓಡಿಸುವವರಿಗೆ ಇದರ ಕಷ್ಟ ಗೊತ್ತು. ಕಬ್ಬಿನ ಟ್ರಾಕ್ಟರಿಗೆ ಹಿಂದೆ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ಧನುರ್ಮಾಸದಲ್ಲಿ ಮಂಜು ಬೇರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ರಸ್ತೆಯಂತೂ ಎದೆ ನಡುಗಿಸುತ್ತದೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಅದೂ ಹಾಡಹಗಲಲ್ಲಿ. ರಾತ್ರಿ ಆ ದಾರಿಯಲ್ಲಿ ನನಗೆ ರಸ್ತೆಯ ಅಂಚು ಕಾಣಲೇಬೇಕು.

ಎಲ್ಲರೂ ಎಲ್‌ಇಡಿ ಬಲ್ಬು ಹಾಕಿಸಿ ಎಂದರು. ನಾನು ಒಪ್ಪಲಿಲ್ಲ. ಹ್ಯಾಲೊಜನ್ ತಂತಿಗೆಂದು ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ಹಾಕಿದರೆ ಬಹಳ ಸಲ ಬೆಳಕು ಚೆಲ್ಲಾಪಿಲ್ಲಿ. ನಮಗೆ ಝಗಮಗ, ಎದುರು ಬೈಕಿನಲ್ಲಿ ಬರುವವನಿಗೆ ಕುರುಡು. ಬಲ್ಬಿನ ಹತ್ತಿರ ಮೀಟರ್ ಇಟ್ಟು ನೋಡಿದೆ. ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬಿಗೆ ತಲುಪುವುದು 12. ಉಳಿದದ್ದು ಸ್ವಿಚ್ಚು, ತೆಳು ವೈರು, ವೈರು ಜೋಡಿಸುವ ಹಳೇ ಕಪ್ಲರುಗಳಲ್ಲೇ ಮಾಯ. ಹ್ಯಾಲೊಜನ್ ಬಲ್ಬಿನ ಗುಣ ಹೇಗೆಂದರೆ, ವೋಲ್ಟೇಜು ಶೇ 5 ಇಳಿದರೆ ಬೆಳಕು ಸುಮಾರು ಶೇ 16 ಇಳಿಯುತ್ತದೆ.

ಹಾಗಾಗಿ ಬಲ್ಬು ಅದೇ ಎಚ್4, ಅದೇ 60/55 ವ್ಯಾಟ್. ನಡುವೆ ರಿಲೇ ಹಾಕಿದೆ, ಅಂದರೆ ಸಣ್ಣ ಕರೆಂಟು ತಟ್ಟಿದರೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚು. 30ನೇ ಪಿನ್ನಿಗೆ ಬ್ಯಾಟರಿಯಿಂದ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸು. 87ರಿಂದ ಬಲ್ಬಿಗೆ. ಹಳೇ ಕಪ್ಲರಿನ ಕರೆಂಟು 85, 86ಕ್ಕೆ ಹೋಗಿ ರಿಲೇ ತಟ್ಟುವ ಕೆಲಸ ಮಾತ್ರ ಮಾಡುತ್ತದೆ. ಡಿಮ್ಮಿಗೆ ಒಂದು ರಿಲೇ, ಬ್ರೈಟಿಗೆ ಒಂದು. ಒರಿಜಿನಲ್ ವೈರು ಒಂದನ್ನೂ ಕತ್ತರಿಸಲಿಲ್ಲ. ಈಗ ಬಲ್ಬಿಗೆ 13.7 ಸಿಗುತ್ತಿದೆ, ಬೆಳಕು ಹತ್ತಿರ ಹತ್ತಿರ ಒಂದೂವರೆ ಪಟ್ಟು. ಹಳದಿಯಾಗಿದ್ದ ಗಾಜನ್ನು, ಅದು ಗಾಜಲ್ಲ ಪಾಲಿಕಾರ್ಬೊನೇಟು, 800, 1500, 2000 ನಂಬರಿನ ನೀರು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟು ಹೊಡೆದೆ. ಆ ಕೋಟು ಹೊಡೆಯದೆ ಬರೀ ಪಾಲಿಶ್ ಮಾಡಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಕೊನೆಗೆ ಗೋಡೆಯಿಂದ ಏಳೂವರೆ ಮೀಟರ್ ದೂರ ಗಾಡಿ ನಿಲ್ಲಿಸಿ, ಡಿಮ್ ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ಏಳೂವರೆ ಸೆಂಟಿಮೀಟರ್ ಕೆಳಗೆ ಬರುವ ಹಾಗೆ ತಿರುಪು ತಿರುಗಿಸಿದೆ. ಖರ್ಚಿಲ್ಲದ ಈ ಕೊನೆಯ ಕೆಲಸದಿಂದಲೇ ಅರ್ಧ ಲಾಭ.

ಟೈರು ಸವೆದಿದ್ದವು. 205/60 ಆರ್16 ಇದ್ದ ಕಡೆ 215/60 ಹಾಕಿಸಿದೆ. ಸುತ್ತಳತೆ ಶೇ 1.8 ಜಾಸ್ತಿ. ಸ್ಪೀಡೋಮೀಟರ್ ಈಗ ಆ ಮಟ್ಟಿಗೆ ಕಡಿಮೆ ತೋರಿಸುತ್ತದೆ, ಕ್ಯಾಮೆರಾ ಇರುವ ಎಕ್ಸ್‌ಪ್ರೆಸ್‌ವೇಯಲ್ಲಿ ಇದು ನೆನಪಿರಬೇಕು. ಗ್ರೌಂಡ್ ಕ್ಲಿಯರೆನ್ಸು 6 ಮಿಲಿಮೀಟರ್ ಏರಿತು. ಆಲೆಮನೆ ದಾರಿಯ ಗುಂಡಿಗೆ 6 ಮಿಲಿಮೀಟರ್ ಯಾವ ಲೆಕ್ಕ? ಮೈಲೇಜು ಒಂದು ಕಿಲೋಮೀಟರ್ ಇಳಿಯಿತು. ಈ ಒಂದು ವಿಷಯದಲ್ಲಿ ನಾನು ಆಸೆಗೆ ಬಿದ್ದೆ, ಒಪ್ಪಿಕೊಳ್ಳುತ್ತೇನೆ. ಮುಂದಿನ ಸಲ ಹಳೇ ಸೈಜೇ.

ಭಾವಮೈದ ಮುಂದೆ ಸ್ಟೀಲಿನ ಬುಲ್ ಗಾರ್ಡ್ ಹಾಕಿಸೋಣ ಅಂತ ಇನ್ನೂ ಹಟ ಹಿಡಿದಿದ್ದಾನೆ. 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಕಾನೂನಿಗೆ ವಿರುದ್ಧ ಎಂದಿದೆ. ಡಿಕ್ಕಿ ಹೊಡೆದಾಗ ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ತಪ್ಪಬಹುದು ಅಂತಲೂ ಹೇಳಿದೆ. 'ಗಾಡಿಗೆ ಲುಕ್ ಬೇಡ್ವಾ ಭಾವ' ಎನ್ನುತ್ತಾನೆ.

ಹೋದ ತಿಂಗಳು ಐದು ಜನ ಕೂತು ಮೇಲುಕೋಟೆಗೆ ಹೋದಾಗ ಏರಿನಲ್ಲಿ ಗಾಡಿ ಎಳೆಯಲಿಲ್ಲ. ಬಾನೆಟ್ಟಿನಿಂದ ಉಸ್ಸೆಂಬ ಸದ್ದು, ಹಿಂದೆ ಕಪ್ಪು ಹೊಗೆ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡು ಓದಿ ಫೋನಿಗೆ ತೋರಿಸುವ ಓಬಿಡಿ ಡಾಂಗಲ್ ಪಿ0299 ಎಂದಿತು. ಇಂಜಿನ್ನಿಗೆ ಗಾಳಿ ತುರುಕುವ ಟರ್ಬೋದ ಒತ್ತಡ ಸಾಲುತ್ತಿಲ್ಲ ಅಂತ ಅರ್ಥ. ಟರ್ಬೋನೇ ಹೋಯಿತು ಅಂತ ಹೆದರುವ ಮೊದಲು, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪಿನ ಕೆಳಗೆ ಕೈ ಆಡಿಸಿದೆ. ಬೆರಳಿಗೆ ಎಣ್ಣೆ ಹತ್ತಿತು, ಅಲ್ಲೇ ಒಂದು ಇಂಚಿನ ಬಿರುಕು. ಪೈಪು ಬದಲಾಯಿಸಿದ ಮೇಲೆ ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆವು.

ಹೆಂಡತಿ ಆ ಸಲವೂ ಒಂದು ಡಬ್ಬ ಪಾಕ ಕೊಂಡಳು. ವಾಪಸ್ ಬರುವಾಗ ಅದು ಡಿಕ್ಕಿಯಲ್ಲಿರಲಿಲ್ಲ. ಭಾವಮೈದನ ತೊಡೆ ಮೇಲಿತ್ತು.